ಡಿಗ್ರಿ ಮೊದಲ ವರ್ಷದ ಸ್ಕಾಲರ್‌ಶಿಪ್: ಯಾವುದು ಮೊದಲು, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ?

ಕೇಳಿದವರು: ತಂಗಿ ಈ ಸಲ ಬಿ.ಎಸ್ಸಿ ಸೇರಿದ್ದಾಳೆ. ಪರಿಶಿಷ್ಟ ಜಾತಿ. ಅಪ್ಪ ಗಾರೆ ಕೆಲಸ ಮಾಡ್ತಾರೆ, ವರಮಾನ ವರ್ಷಕ್ಕೆ ಒಂದು ಲಕ್ಷದ ಒಳಗೆ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ ಸರ್ಕಾರಿಯಲ್ಲೇ ಓದಿದ್ದು, ಪಿಯುಸಿಯಲ್ಲಿ ಮಾರ್ಕ್ಸ್ ಚೆನ್ನಾಗಿದೆ. ಊರಿಂದ ಕಾಲೇಜು ದೂರ. ಕಾಲೇಜಿನಲ್ಲಿ ಫೀಸು ಪೂರ್ತಿ ಕಟ್ಟಿ ಅಂತಿದ್ದಾರೆ. ಯಾವ ಯಾವುದಕ್ಕೆ, ಯಾವ ಕ್ರಮದಲ್ಲಿ ಅರ್ಜಿ ಹಾಕಬೇಕು? ತಿಳಿದವರು ಹೇಳಿ.

ಕಾಲೇಜು ಕಚೇರಿಯಲ್ಲಿ ಸ್ಕಾಲರ್‌ಶಿಪ್ ನೋಡಿಕೊಳ್ಳುವವರು: ಬೆನ್ನೆಲುಬು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನ ಪೋಸ್ಟ್ ಮೆಟ್ರಿಕ್ (ಹತ್ತನೇ ತರಗತಿಯ ನಂತರದ ಓದಿನ) ಅರ್ಜಿ. ಆದರೆ ಪೋರ್ಟಲ್ ತೆರೆದ ದಿನ ಸೈಬರ್ ಸೆಂಟರ್‌ಗೆ ಓಡಬೇಡಿ, ಮೊದಲು ಕಾಗದ ಸರಿಮಾಡಿಕೊಳ್ಳಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯದ್ದು, ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುವಂಥದ್ದು ಬೇಕು. ಆದಾಯದ ಪತ್ರಕ್ಕೆ 5 ವರ್ಷ ಆಯಸ್ಸು. ಹೈಸ್ಕೂಲಿನಲ್ಲಿ ಮಾಡಿಸಿದ್ದಾದರೆ ಡಿಗ್ರಿ ಮುಗಿಯುವ ಮುಂಚೆಯೇ ಅವಧಿ ತೀರುತ್ತೆ, ತಾರೀಖು ನೋಡಿಕೊಳ್ಳಿ. ಪರಿಶಿಷ್ಟರ ಪೋಸ್ಟ್ ಮೆಟ್ರಿಕ್ ಯೋಜನೆಗೆ ಆದಾಯದ ಮಿತಿ 2.5 ಲಕ್ಷ, ನಿಮಗೆ ಆ ಚಿಂತೆಯಿಲ್ಲ.

ಹೆಚ್ಚು ಅರ್ಜಿ ನಿಲ್ಲೋದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಜಾತಿ ಪತ್ರದಲ್ಲಿ ಇನ್ನೊಂದು ಥರ. ಇಂಥದ್ದಿದ್ದರೆ ಆಧಾರ್ ಅನ್ನೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದಿಸಿ. ಅಂಕಪಟ್ಟಿ ತಿದ್ದಿಸೋದು ದೊಡ್ಡ ರಗಳೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ, ಹಾಗಾಗಿ ಕೌಂಟರಿನಲ್ಲಿ ಕೂತವರು ಟೈಪ್ ಮಾಡಿದ್ದನ್ನು ಒಂದೊಂದು ಅಕ್ಷರ ಓದಿ ಆಮೇಲೆ ಒಪ್ಪಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಚಾಲ್ತಿಯಲ್ಲಿರಬೇಕು, ಒಟಿಪಿ ಅದಕ್ಕೇ ಬರೋದು.

ಇ-ದೃಢೀಕರಣ (ಮೂಲ ದಾಖಲೆ ನೋಡಿ ಆನ್‌ಲೈನ್‌ನಲ್ಲಿ ದೃಢಪಡಿಸೋದು) ಬೇಕಾದ ದಾಖಲೆಗಳನ್ನು ಕಾಲೇಜಿನ ಇ-ದೃಢೀಕರಣ ಅಧಿಕಾರಿಗೆ ಮೊದಲೇ ಕೊಟ್ಟು ಸಂಖ್ಯೆ ಪಡೆಯಿರಿ. ಕೊನೇ ವಾರದಲ್ಲಿ ಅವರ ಮೇಜಿನ ಮುಂದೆ ಕ್ಯೂ ಇರುತ್ತೆ. ಇನ್ನೊಂದು: ಅರ್ಜಿಯನ್ನು ಸೇವ್ ಮಾಡಿ ಎದ್ದು ಬರುವವರು ಬಹಳ. ಸಬ್ಮಿಟ್ ಆಗಿ ಸ್ವೀಕೃತಿ ಕೈಗೆ ಬಂದರೆ ಮಾತ್ರ ಅರ್ಜಿ ಹೋಗಿದೆ ಅಂತ ಅರ್ಥ.

ಬ್ಯಾಂಕಿನವರು: ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದ್ದೂ ದುಡ್ಡು ಬರದೇ ಇರೋದಕ್ಕೆ ಕಾರಣ ಹೆಚ್ಚಾಗಿ ಒಂದೇ, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್‌ಗೆ ಯಾವ ಬ್ಯಾಂಕ್ ಅಂತ ರಾಷ್ಟ್ರೀಯ ಪಾವತಿ ನಿಗಮದಲ್ಲಿ ದಾಖಲಾಗಿರೋದು. ಖಾತೆಗೆ ಆಧಾರ್ ಲಿಂಕ್ ಆಗಿದೆ ಅಂದರೆ ಸಾಲದು. ಕೆವೈಸಿಗೆ ಆಧಾರ್ ಕೊಟ್ಟಿರೋದು ಬೇರೆ, ಸರ್ಕಾರದ ಹಣ ಆಧಾರ್ ಮೂಲಕ ಆ ಖಾತೆಗೆ ಬೀಳುವಂತೆ ಸೀಡಿಂಗ್ ಮಾಡಿಸೋದು ಬೇರೆ. ಒಬ್ಬರ ಆಧಾರ್‌ಗೆ ಒಂದು ಸಮಯದಲ್ಲಿ ಒಂದೇ ಬ್ಯಾಂಕ್ ಮ್ಯಾಪ್ ಆಗಿರುತ್ತೆ, ಕೊನೆಗೆ ಸೀಡ್ ಮಾಡಿಸಿದ್ದಕ್ಕೆ ಹಣ ಹೋಗುತ್ತೆ. ಸಿಮ್ ತಗೊಳ್ಳುವಾಗ ಸಹಿ ಹಾಕಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ ನೆನಪೇ ಇರಲ್ಲ, ದುಡ್ಡು ಅಲ್ಲಿ ಕೂತಿರುತ್ತೆ.

ನೋಡೋದು ಸುಲಭ. ಮೈಆಧಾರ್ ಜಾಲತಾಣದಲ್ಲಿ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತಿ. ಬ್ಯಾಂಕಿನ ಹೆಸರು, ಆಕ್ಟಿವ್ ಹೌದೋ ಅಲ್ಲವೋ, ಯಾವಾಗ ಅಪ್‌ಡೇಟ್ ಆಯ್ತು ಎಲ್ಲ ಬರುತ್ತೆ. ಬದಲಿಸಬೇಕಿದ್ದರೆ ಬೇಕಾದ ಬ್ಯಾಂಕಿನ ಶಾಖೆಗೇ ಹೋಗಿ ಸೀಡಿಂಗ್ ಒಪ್ಪಿಗೆ ಫಾರಂ ಕೊಡಿ. ಫಾರಂನಲ್ಲಿ ಎರಡು ಬಗೆ ಇರುತ್ತೆ: ಹಿಂದೆ ಎಲ್ಲೂ ಸೀಡ್ ಆಗಿಲ್ಲ ಅನ್ನೋದು ಒಂದು, ಇಂಥ ಬ್ಯಾಂಕಿನಿಂದ ಇಲ್ಲಿಗೆ ಬದಲಿಸಿ ಅನ್ನೋದು ಇನ್ನೊಂದು. ಹಳೇ ಬ್ಯಾಂಕ್ ಇದ್ದೂ ಮೊದಲನೆಯದಕ್ಕೆ ಟಿಕ್ ಹಾಕಿದರೆ ಕೆಲಸ ಕೆಡುತ್ತೆ. ವಾರ ಬಿಟ್ಟು ಸ್ಟೇಟಸ್ ಮತ್ತೆ ನೋಡಿ.

ಶಾಲೆಯಲ್ಲಿದ್ದಾಗ ತೆರೆದ ಖಾತೆಯಾದರೆ ಪೂರ್ತಿ ಕೆವೈಸಿ ಮಾಡಿಸಿ. ಕೆವೈಸಿ ಅಪೂರ್ಣವಾದ ಸಣ್ಣ ಖಾತೆಯಲ್ಲಿ 50,000ಕ್ಕಿಂತ ಹೆಚ್ಚು ಇಡುವ ಹಾಗಿಲ್ಲ, ವರ್ಷಕ್ಕೆ ಒಟ್ಟು ಜಮಾ ಒಂದು ಲಕ್ಷ ದಾಟುವ ಹಾಗಿಲ್ಲ.

ಕೇಳಿದವರು: ಚೆಕ್ ಮಾಡ್ತೀನಿ ಸರ್. ಫೀಸಿನ ವಿಷಯ? ಮತ್ತೆ ಅರ್ಧ ಮಾತ್ರ ಬರುತ್ತೆ ಅಂತಾರಲ್ಲ?

ಸಮಾಜ ಕಲ್ಯಾಣದ ಯೋಜನೆಗಳನ್ನು ಬಲ್ಲವರು: ಅರ್ಧ ಅಲ್ಲ, ಎರಡು ಕಂತು. ಈ ಪೋಸ್ಟ್ ಮೆಟ್ರಿಕ್ ಯೋಜನೆಯಲ್ಲಿ ರಾಜ್ಯದ ಪಾಲು ಶೇ. 40, ಕೇಂದ್ರದ್ದು ಶೇ. 60. ರಾಜ್ಯದ್ದು ಮೊದಲು ಬರುತ್ತೆ, ಅದಾದ ಮೇಲೆ ಕೇಂದ್ರದ್ದು ನೇರವಾಗಿ ವಿದ್ಯಾರ್ಥಿಯ ಖಾತೆಗೆ. ಮಧ್ಯೆ ತಿಂಗಳುಗಟ್ಟಲೆ ಅಂತರ ಬೀಳಬಹುದು. ಮೊದಲ ಕಂತು ಬಂದಮೇಲೆ ಖಾತೆ, ಸೀಡಿಂಗ್ ಎರಡನ್ನೂ ಮುಟ್ಟಬೇಡಿ.

ಫೀಸಿನ ಭಾಗವೂ ಅದೇ ಖಾತೆಗೆ ಬಂದರೆ 7 ದಿನದೊಳಗೆ ಕಾಲೇಜಿಗೆ ಕಟ್ಟಬೇಕು. ಅದು ಖರ್ಚಿಗೆ ಬಂದ ಹಣ ಅಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಡಿ, ಇಲ್ಲದಿದ್ದರೆ ಯಾವುದೋ ಕೈಸಾಲಕ್ಕೆ ಹೋಗಿಬಿಡುತ್ತೆ. ಮುಂಗಡವಾಗಿ ಪೂರ್ತಿ ಫೀಸು ಕೇಳುವ ಬಗ್ಗೆ: 2021ರ ಕೇಂದ್ರ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡ್ (ಮುಂಗಡ ಫೀಸಿಲ್ಲದೆ ಸೇರಲು ಕೊಡುವ ಕಾರ್ಡ್) ಎಂಬ ವ್ಯವಸ್ಥೆ ಇರೋದೇ ಇದಕ್ಕೆ. ತಾಲ್ಲೂಕಿನ ಸಮಾಜ ಕಲ್ಯಾಣ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ, ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಟ್ಟು ನಕಲಿಗೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿಗೆ ಬಾಯಿಮಾತಿನದೇ ಉತ್ತರ ಸಿಗೋದು.

ಫೀಸು ಬಿಟ್ಟರೆ ಸಾದಾ ಬಿ.ಎಸ್ಸಿಗೆ ಈ ಮಾರ್ಗಸೂಚಿಯ ನಿರ್ವಹಣಾ ಭತ್ಯೆ ವರ್ಷಕ್ಕೆ ಮನೆಯಿಂದ ಓಡಾಡುವವರಿಗೆ 3,000, ಹಾಸ್ಟೆಲ್‌ನವರಿಗೆ 6,000. ಇದರಲ್ಲಿ ಬಸ್ಸು, ಊಟ ಎಲ್ಲ ನಡೆಯೋದಿಲ್ಲ. ನಿಜವಾದ ಉಳಿತಾಯ ಸರ್ಕಾರಿ ಹಾಸ್ಟೆಲ್ ಸೀಟಿನಲ್ಲಿದೆ. ಅದಕ್ಕೆ ಎಸ್‌ಎಚ್‌ಪಿ (ರಾಜ್ಯ ಹಾಸ್ಟೆಲ್ ಪೋರ್ಟಲ್) ಅನ್ನೋ ಬೇರೆ ಪೋರ್ಟಲ್ ಇದೆ, ಬೇರೆ ಕೊನೇ ದಿನಾಂಕ. ಎಸ್‌ಎಸ್‌ಪಿಯಲ್ಲಿ ಹಾಕಿದರೆ ಹಾಸ್ಟೆಲ್‌ಗೂ ಆಯ್ತು ಅಂದುಕೊಂಡು ಸೀಟು ಕಳೆದುಕೊಳ್ಳುತ್ತಾರೆ.

ಎನ್‌ಎಸ್‌ಪಿ (ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್) ನೋಡಲ್ ಕೆಲಸ ಬಲ್ಲವರು: ಪಿಯುಸಿ ಅಂಕ ಚೆನ್ನಾಗಿದೆ ಅಂದಿರಲ್ಲ, ಕೇಂದ್ರದ ಪಿಎಂ-ಯುಎಸ್‌ಪಿ ವಿದ್ಯಾರ್ಥಿವೇತನ ನೋಡಿ. ಹನ್ನೆರಡನೇ ತರಗತಿಯಲ್ಲಿ ತನ್ನ ವಿಭಾಗದ ಮೇಲಿನ ಶೇ. 20ರೊಳಗೆ ಇರಬೇಕು, ಆದಾಯ 4.5 ಲಕ್ಷದೊಳಗೆ. ಪದವಿಯ ಮೂರು ವರ್ಷ ತಲಾ 12,000, ಪಿ.ಜಿಗೆ 20,000. ಮೆರಿಟ್ ಪಟ್ಟಿ ಇರುವುದರಿಂದ ಖಾತ್ರಿ ಇಲ್ಲ. ನವೀಕರಣಕ್ಕೆ ಶೇ. 50 ಅಂಕ, ಶೇ. 75 ಹಾಜರಿ ಬೇಕು.

ಕೊಕ್ಕೆ ಇರೋದು ಇಲ್ಲಿ: ಇದರ ಜೊತೆ ಬೇರೆ ವಿದ್ಯಾರ್ಥಿವೇತನವನ್ನಾಗಲಿ ಫೀಸು ಮರುಪಾವತಿಯನ್ನಾಗಲಿ ಪಡೆಯುವಂತಿಲ್ಲ. ಹಾಗಾಗಿ ಕಾಲೇಜು ಸರ್ಕಾರಿಯಾಗಿದ್ದು ಫೀಸು ಕಡಿಮೆ ಇದ್ದರೆ 12,000 ಲಾಭ. ಖಾಸಗಿಯಾಗಿದ್ದು ಫೀಸು ಹೆಚ್ಚಿದ್ದರೆ ಪೋಸ್ಟ್ ಮೆಟ್ರಿಕ್ ಬಿಡಬೇಡಿ. ಫೀಸಿನ ರಸೀದಿ ಮುಂದಿಟ್ಟುಕೊಂಡು ಲೆಕ್ಕ ಹಾಕಿ.

ಹೆಣ್ಣುಮಕ್ಕಳು ಹತ್ತು ಮತ್ತು ಹನ್ನೆರಡು ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿದ್ದರೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 30,000. ಮೊದಲ ವರ್ಷದಲ್ಲಿದ್ದಾಗಲೇ ಅರ್ಜಿ ಹಾಕಬೇಕು, ಈ ವರ್ಷ ತಪ್ಪಿದರೆ ಮುಂದಿನ ವರ್ಷ ಸಿಗಲ್ಲ. ಅರ್ಜಿಗೆ ಶುಲ್ಕ ಇಲ್ಲ. ಯಾರಾದರೂ ಮಾಡಿಸಿಕೊಡ್ತೀನಿ ಅಂತ ದುಡ್ಡು, ಒಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ.

ಕಾರ್ಮಿಕ ಕಾರ್ಡಿನ ವಿಷಯ ತಿಳಿದವರು: ಅಪ್ಪ ಗಾರೆ ಕೆಲಸದವರಾದರೆ ಕಟ್ಟಡ ಕಾರ್ಮಿಕರ ಮಂಡಳಿಯ ಶೈಕ್ಷಣಿಕ ಸಹಾಯಧನವೂ ಇದೆ. ಕಾರ್ಡ್ ಇಲ್ಲದಿದ್ದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಉದ್ಯೋಗ ದೃಢೀಕರಣ ಪತ್ರ ತಂದು ನೋಂದಾಯಿಸಬೇಕು, ವಯಸ್ಸು 18ರಿಂದ 60. ಇದ್ದರೆ ನವೀಕರಣದ ತಾರೀಖು ನೋಡಿ. ಅವಧಿ ಮುಗಿದ ಕಾರ್ಡಿಗೆ ಏನೂ ಹುಟ್ಟೋದಿಲ್ಲ.

ಬ್ಯಾಂಕಿನವರು: ಶಿಕ್ಷಣ ಸಾಲದ ಬಗ್ಗೆಯೂ ಕೇಳುವವರಿರುತ್ತಾರೆ ಅಂತ ಒಂದು ಮಾತು. 4 ಲಕ್ಷದವರೆಗೆ ಅಡಮಾನವೂ ಬೇಡ, ನಿಮ್ಮ ಪಾಲಿನ ಹಣವೂ ಬೇಡ. ಆದರೆ 4.5 ಲಕ್ಷದೊಳಗಿನ ಆದಾಯದವರಿಗಿರುವ ಪೂರ್ತಿ ಬಡ್ಡಿ ರಿಯಾಯಿತಿ ತಾಂತ್ರಿಕ, ವೃತ್ತಿಪರ ಕೋರ್ಸುಗಳಿಗೆ ಮಾತ್ರ. ಸಾದಾ ಬಿ.ಎಸ್ಸಿಗೆ ತೆಗೆದರೆ ಓದುವಾಗಲೂ ಬಡ್ಡಿ ಏರುತ್ತಲೇ ಇರುತ್ತೆ. ಮೇಲಿನ ಅರ್ಜಿಗಳ ಫಲ ಗೊತ್ತಾದ ಮೇಲೆ ಎಷ್ಟು ಕೊರತೆ ಬೀಳುತ್ತೋ ಅಷ್ಟಕ್ಕೆ ಮಾತ್ರ ಕೇಳಿ.