ಸಹಾಯ ಬೇಕು: ತ್ರಿಕೋನ ತಿರುಗಿದೆಯೋ, ಮಗುಚಿದೆಯೋ?

ನಮಸ್ಕಾರ. ಮುಂಬೈಯ ಮುಲುಂಡ್ ಕಡೆ ಗಣಿತ ಕಲಿಸುವ ಕನ್ನಡದವರು ಇದ್ದರೆ ದಯವಿಟ್ಟು ನೋಡಿ.

ಮಗಳ ಲೆಕ್ಕ ಇದು. ತ್ರಿಕೋನ ಎ(1, 1), ಬಿ(3, 1), ಸಿ(1, 4). ಅದರ ಬಿಂಬ, ಅಂದರೆ ಬದಲಾದ ಮೇಲಿನ ತ್ರಿಕೋನ, (-2, 2), (-6, 2), (-2, 8). 2 ಮತ್ತು 3 ಇದ್ದ ಬಾಹುಗಳು 4 ಮತ್ತು 6 ಆಗಿವೆ. ಅಂದರೆ ಎರಡು ಪಟ್ಟು ಹಿಗ್ಗಿದೆ, ಅಲ್ಲಿಯವರೆಗೆ ಸರಿ. ಆಮೇಲೆ ಅವಳು 'ಮೂಲಬಿಂದುವಿನ ಸುತ್ತ ಎಡಕ್ಕೆ 90 ಡಿಗ್ರಿ ತಿರುಗಿದೆ' ಅಂತ ಬರೆದಳು. ಎ ಸರಿಯಾಗಿ ಕೂರುತ್ತದಲ್ಲಾ ಅಂತ ಅವಳ ವಾದ. ಎ ಕೂರುತ್ತದೆ, ನಿಜ. ಆದರೆ ಬಿ ಹೋಗುವುದು (-2, 6)ಕ್ಕೆ! ಕೊನೆಗೆ ಹಿಗ್ಗಿಸಿದ ತ್ರಿಕೋನ ಬರೆದು, ಗ್ರಾಫ್ ಹಾಳೆಯನ್ನು ವೈ ಅಕ್ಷದ ಮೇಲೆ ಮಡಚಿ, ಕಿಟಕಿ ಬೆಳಕಿಗೆ ಹಿಡಿದು ತೋರಿಸಿದೆ. ಗೆರೆ ಮೇಲೆ ಗೆರೆ ಕೂತಿತು. ಪ್ರತಿಫಲನ, ಅಂದರೆ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿದ್ದು, ಅಂತ ಆಗ ಒಪ್ಪಿದಳು.

ಪರೀಕ್ಷೆಯಲ್ಲಿ ಹಾಳೆ ಮಡಚಲು ಆಗುವುದಿಲ್ಲ ಅಲ್ವಾ? ಎ-ಬಿ-ಸಿ ಸುತ್ತುವ ದಿಕ್ಕು ಉಲ್ಟಾ ಆದರೆ ಪ್ರತಿಫಲನ, ಹಾಗೇ ಇದ್ದರೆ ತಿರುಗಿದ್ದು ಅಂತ ಹೇಳಿಕೊಟ್ಟಿದ್ದೇನೆ. ಅವಳು ಸುಮ್ನೆ ಬಾಯಿಪಾಠ ಮಾಡಿದ್ದಾಳೆ. ತಿರುಗಿಸಿದಾಗ ಆ ದಿಕ್ಕು ಯಾಕೆ ಬದಲಾಗುವುದಿಲ್ಲ ಅಂತ ಮಗುವಿಗೆ ತಿಳಿಯುವ ಹಾಗೆ ಹೇಗೆ ಹೇಳುವುದು? ಭಾನುವಾರ ಯಾರಿಗಾದರೂ ಅರ್ಧ ಗಂಟೆ ಬಿಡುವಿದ್ದರೆ ನಿಮ್ಮ ಮನೆಗೇ ಕರೆದುಕೊಂಡು ಬರುತ್ತೇನೆ.