ಹಳೇ ಕಾಂಕ್ರೀಟ್ ಮೇಲೆ ಯುಎಚ್‌ಪಿಸಿ: ಬಾಂಡ್ ಅಳೆಯೋಕೆ ಯಾವ ಟೆಸ್ಟ್ ನಂಬೋದು?

ಎಂಟೆಕ್_ಸಿವಿಲ್ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಹಳೇ ಎಂ30 (30 ಎಂಪಿಎ, ಅಂದ್ರೆ ಮೆಗಾಪಾಸ್ಕಲ್, ಗ್ರೇಡ್) ಕಾಂಕ್ರೀಟ್ ಮೇಲೆ ಸ್ಟೀಲ್ ಫೈಬರ್ ಇರುವ ಯುಎಚ್‌ಪಿಸಿ (ಅತಿ ಗಟ್ಟಿಯಾದ ವಿಶೇಷ ಕಾಂಕ್ರೀಟ್) ಪದರ ಹಾಕಿ, ಎರಡರ ನಡುವಿನ ಬಾಂಡ್, ಅಂದ್ರೆ ಅಂಟು, ಎಷ್ಟು ಗಟ್ಟಿ ಅಂತ ನೋಡುವುದು ನನ್ನ ಪ್ರಾಜೆಕ್ಟ್. ಓರೆ ಜಾಯಿಂಟ್ ಇರುವ ಸಿಲಿಂಡರನ್ನು ಮೇಲಿಂದ ಒತ್ತುವ ಸ್ಲ್ಯಾಂಟ್ ಶಿಯರ್ ಟೆಸ್ಟ್‌ನಲ್ಲಿ ನಂಬರ್ ಚೆನ್ನಾಗಿ ಬರುತ್ತಿದೆ. ಪದರಕ್ಕೆ ಡಿಸ್ಕ್ ಅಂಟಿಸಿ ನೇರ ಎಳೆಯುವ ಪುಲ್-ಆಫ್‌ನಲ್ಲಿ ಮಾತ್ರ 2 ಎಂಪಿಎ ಆಸುಪಾಸು, ಅದೂ ಜಾಸ್ತಿ ಸ್ಯಾಂಪಲ್‌ಗಳು ಜಾಯಿಂಟ್‌ನಲ್ಲಿ ಬಿಡದೆ ಕೆಳಗಿನ ಹಳೇ ಕಾಂಕ್ರೀಟ್‌ನಲ್ಲೇ ಮುರಿಯುತ್ತಿವೆ. "ಹಾಗಾದ್ರೆ ಬಾಂಡ್ ಎಷ್ಟು ಅಂತ ಬರೀತೀಯ?" ಅಂತ ಗೈಡ್ ಕೇಳುತ್ತಿದ್ದಾರೆ. ಯಾವ ಟೆಸ್ಟ್ ಇಟ್ಟುಕೊಳ್ಳಲಿ? ಹಳೇ ಕಾಂಕ್ರೀಟ್‌ನಲ್ಲಿ ಮುರಿದದ್ದನ್ನು ಲೆಕ್ಕದಿಂದ ಬಿಡಬೇಕಾ?

ಸೇತುವೆ_ರಿಪೇರಿ:
ದಯವಿಟ್ಟು ಬಿಡಬೇಡಿ, ಅದೇ ನಿಮ್ಮ ಒಳ್ಳೆಯ ರಿಸಲ್ಟ್! ಕೆಳಗಿನ ಕಾಂಕ್ರೀಟ್ ಮೊದಲು ಮುರಿದಿದೆ ಅಂದ್ರೆ ಬಾಂಡ್ ಅದಕ್ಕಿಂತ ಗಟ್ಟಿ ಇದೆ. "2 ಎಂಪಿಎಗಿಂತ ಕಡಿಮೆ ಇಲ್ಲ" ಅಂತ ಬರೆಯಿರಿ, ಜೊತೆಗೆ ಎಲ್ಲಿ ಮುರಿಯಿತು ಅಂತಲೂ ಬರೆಯಿರಿ. ಪುಲ್-ಆಫ್ ಟೆಸ್ಟ್‌ನ ಅಮೆರಿಕದ ಮಾನದಂಡ ಎಎಸ್‌ಟಿಎಂ ಸಿ1583 ಕೂಡ ಇದನ್ನೇ ಕೇಳುತ್ತದೆ: ಮುರಿದದ್ದು ಹಳೇ ಕಾಂಕ್ರೀಟ್‌ನಲ್ಲಾ, ಜಾಯಿಂಟ್‌ನಲ್ಲಾ, ಮೇಲಿನ ಪದರದಲ್ಲಾ, ಇಲ್ಲ ಡಿಸ್ಕ್ ಅಂಟಿಸಿದ ಎಪಾಕ್ಸಿಯಲ್ಲಾ ಅಂತ. ಎಪಾಕ್ಸಿ ಬಿಟ್ಟುಕೊಂಡದ್ದನ್ನು ಮಾತ್ರ ಬಾಂಡ್ ಲೆಕ್ಕಕ್ಕೆ ತಗೋಬೇಡಿ. 50 ಮಿ.ಮೀ. ವ್ಯಾಸದ ಕೋರ್‌ಗೆ (ಸುತ್ತ ಕೊರೆದ ದುಂಡು ತುಂಡಿಗೆ) 4 ಕಿಲೋನ್ಯೂಟನ್ ಎಳೆದರೆ 2 ಎಂಪಿಎ ಆಯಿತು, ಎಂ30ಗೆ ಅಷ್ಟು ಎಳೆತ ತಡೆಯುವುದೇ ದೊಡ್ಡದು.

ಸ್ಲ್ಯಾಂಟ್ ಶಿಯರ್ ನಂಬರ್ ಯಾಕೆ ಚೆನ್ನಾಗಿ ಕಾಣುತ್ತೆ ನೋಡಿ. ಜಾಯಿಂಟ್ ಸಿಲಿಂಡರ್‌ನ ಉದ್ದಕ್ಕೆ 30 ಡಿಗ್ರಿ ಓರೆ ಇರುತ್ತದೆ. ಮೇಲಿಂದ 40 ಎಂಪಿಎ ಒತ್ತಿದರೆ ಜಾಯಿಂಟ್ ಮೇಲೆ ಸುಮಾರು 17 ಎಂಪಿಎ ಶಿಯರ್ (ಮುಖಗಳನ್ನು ಜಾರಿಸುವ ಒತ್ತಡ) ಬೀಳುತ್ತೆ, ಜೊತೆಗೇ 10 ಎಂಪಿಎ ಒತ್ತಡ ಎರಡೂ ಮುಖಗಳನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತೆ. ಆ ಹಿಡಿತ ಸೇತುವೆಯ ಡೆಕ್ ಮೇಲೆ ನಿಮಗೆ ಯಾರು ಕೊಡ್ತಾರೆ? ಅಲ್ಲಿ ಹೊಸ ಪದರ ಕುಗ್ಗುವಾಗ ಅಂಚು ಮೇಲಕ್ಕೆ ಏಳೋಕೆ ನೋಡುತ್ತೆ, ಅದು ಎಳೆತ. ಹಾಗಾಗಿ ಓವರ್‌ಲೇ (ಹಳೇದರ ಮೇಲೆ ಹೊಸ ಪದರ ಹಾಕುವ) ಕೆಲಸಕ್ಕೆ ನನ್ನ ಓಟು ಪುಲ್-ಆಫ್‌ಗೇ.

ಲ್ಯಾಬ್_ಅನುಭವಿ:
ಸ್ಲ್ಯಾಂಟ್ ಶಿಯರನ್ನು ಪೂರ್ತಿ ತಳ್ಳಿಹಾಕುವುದನ್ನು ನಾನು ಒಪ್ಪಲ್ಲ. ಪಿಲ್ಲರ್‌ಗೆ ಜಾಕೆಟ್ (ಸುತ್ತ ಹೊಸ ಕಾಂಕ್ರೀಟ್ ಕವಚ) ಹಾಕುವ ಕಡೆ ಒತ್ತಡ, ಶಿಯರ್ ಎರಡೂ ಇರುತ್ತವೆ, ಅಲ್ಲಿ ಅದಕ್ಕೆ ಅರ್ಥ ಇದೆ. ಆದರೆ ಒರಟು ಮುಖ ಇದ್ದಾಗ ಘರ್ಷಣೆಯೇ ಅರ್ಧ ಕೆಲಸ ಮಾಡಿಬಿಡುತ್ತೆ, ಆಗ ಮೇಲ್ಮೈಯ ಸಣ್ಣ ದೋಷ ಅದರಲ್ಲಿ ಕಾಣಿಸಲ್ಲ ಅನ್ನುವುದು ನಿಜ. ಎರಡನ್ನೂ ಇಟ್ಟುಕೊಳ್ಳಿ, ನಂಬರ್‌ಗಳನ್ನು ಮಾತ್ರ ಒಂದೇ ಟೇಬಲ್‌ನಲ್ಲಿ ಪಕ್ಕ ಪಕ್ಕ ಇಟ್ಟು ಹೋಲಿಸಬೇಡಿ.

ಇನ್ನೊಂದು, ಮುರಿದ ತುಂಡನ್ನು ತಿರುಗಿಸಿ ನೋಡಿದ್ದೀರಾ? ಯುಎಚ್‌ಪಿಸಿ ಅಡಿಯಲ್ಲಿ ಹಳೇ ಕಾಂಕ್ರೀಟ್ ಎರಡು ಮೂರು ಮಿ.ಮೀ. ತೆಳುವಾಗಿ ಅಂಟಿಕೊಂಡು ಬಂದಿದೆಯಾ, ಇಲ್ಲ ಜಲ್ಲಿಯೇ ಅಡ್ಡ ಸೀಳಿದೆಯಾ?

ಎಂಟೆಕ್_ಸಿವಿಲ್:
ನೋಡಿದೆ ಸರ್. ತೆಳುವಾಗಿಯೇ ಬಂದಿದೆ, ಜಲ್ಲಿ ಸೀಳಿದ್ದು ಕಮ್ಮಿ. ಮುಖವನ್ನು ಬ್ರೇಕರ್‌ನಿಂದ (ಕಾಂಕ್ರೀಟ್ ಒಡೆಯುವ ಮೆಷಿನ್) ಹ್ಯಾಕಿಂಗ್, ಅಂದ್ರೆ ಕೆತ್ತಿ ಒರಟು, ಮಾಡಿಸಿದ್ದೆವು.

ಲ್ಯಾಬ್_ಅನುಭವಿ:
ಅದೇ ಅನುಮಾನ ಇತ್ತು. ಬ್ರೇಕರ್ ಏಟಿಗೆ ಮೇಲಿನ ಕೆಲವು ಮಿ.ಮೀ. ಒಳಗೇ ಕಣ್ಣಿಗೆ ಕಾಣದ ಬಿರುಕು ಬಿಟ್ಟಿರುತ್ತೆ. ಯುಎಚ್‌ಪಿಸಿ ಆ ಸಡಿಲ ಪದರಕ್ಕೇ ಗಟ್ಟಿಯಾಗಿ ಅಂಟಿದೆ, ಪದರ ಪೂರ್ತಿ ಕಿತ್ತು ಬಂದಿದೆ. ಇನ್ನೊಂದು ಸೆಟ್ ಹೈ-ಪ್ರೆಶರ್ ನೀರಿನಿಂದ, ಆಗದಿದ್ದರೆ ಮರಳು ಹೊಡೆದು ತಯಾರು ಮಾಡಿ, ಜಲ್ಲಿ ಕಾಣುವ ತನಕ. ನಂಬರ್ ಏರಿದರೆ ನಿಮ್ಮ ಥೀಸಿಸ್‌ಗೆ ಒಂದು ಒಳ್ಳೇ ಅಧ್ಯಾಯ ಸಿಕ್ಕಿತು.

ಸೇತುವೆ_ರಿಪೇರಿ:
ನೀರಿನ ವಿಷಯವನ್ನೂ ಮರೀಬೇಡಿ. ಯುಎಚ್‌ಪಿಸಿಯಲ್ಲಿ ನೀರು-ಸಿಮೆಂಟ್ ಅನುಪಾತ 0.2ರ ಹತ್ತಿರ, ಇರುವುದೇ ಸ್ವಲ್ಪ ನೀರು. ಒಣಗಿದ ಹಳೇ ಕಾಂಕ್ರೀಟ್ ಅದನ್ನೂ ಹೀರಿಬಿಟ್ಟರೆ ಜಾಯಿಂಟ್‌ನಲ್ಲಿ ಸಿಮೆಂಟ್ ಸರಿಯಾಗಿ ಗಟ್ಟಿ ಆಗಲ್ಲ. ಹಿಂದಿನ ದಿನವೇ ಒದ್ದೆ ಗೋಣಿಚೀಲ ಹಾಕಿಡಿ, ಸುರಿಯುವ ಮುಂಚೆ ನಿಂತ ನೀರನ್ನೆಲ್ಲ ಒರೆಸಿ. ಒಳಗೆ ತೇವ ಇರಬೇಕು, ಮೇಲೆ ನೀರು ಹೊಳೆಯಬಾರದು. ಸಿಮೆಂಟ್ ಸ್ಲರಿ ಬಳಿಯೋಣ ಅಂತ ಮೇಸ್ತ್ರಿ ಹೇಳಿದರೆ ಬೇಡ ಅನ್ನಿ, ಅದು ಒಣಗಿದರೆ ನಡುವೆ ಇನ್ನೊಂದು ದುರ್ಬಲ ಪದರ ಆಗುತ್ತೆ.

ಅಯೋವಾದ ಮಡ್ ಕ್ರೀಕ್ ಸೇತುವೆಯ ಕೆಲಸವನ್ನು ಹುಡುಕಿ ಓದಿ. ಅಮೆರಿಕದ ಮೊದಲ ಯುಎಚ್‌ಪಿಸಿ ಓವರ್‌ಲೇ, 2016ರದ್ದು. ಡೆಕ್ ಮೇಲೆ ಸರಪಳಿ ಎಳೆದಾಗ ಕೆಲವು ಕಡೆ ಟೊಳ್ಳು ಶಬ್ದ ಬಂದು, ಪದರ ಬಿಟ್ಟಿದೆಯೇನೋ ಅಂತ ಅನುಮಾನ ಆಗಿತ್ತು. ಪುಲ್-ಆಫ್ ಮಾಡಿ ನೋಡಿದರೆ ಬಾಂಡ್ ಗಟ್ಟಿಯಾಗಿಯೇ ಇತ್ತು. ಅದಕ್ಕೇ ಸುಮ್ನೆ ಶಬ್ದ ಕೇಳಿ ತೀರ್ಮಾನ ಮಾಡಬಾರದು.

ಕೋರ್_ಡ್ರಿಲ್:
ಕೋರ್ ಕಡೆಯಿಂದ ನನ್ನದೊಂದು ಮಾತು. ಕೊರೆಯುವುದನ್ನು ಜಾಯಿಂಟ್‌ಗೇ ನಿಲ್ಲಿಸಬೇಡಿ, ಹಳೇ ಕಾಂಕ್ರೀಟ್ ಒಳಗೆ ಕನಿಷ್ಠ 10 ಮಿ.ಮೀ. ಇಳಿಯಲೇಬೇಕು, ನಾವು 25ರ ತನಕ ಹೋಗುತ್ತೇವೆ. ಮೆಷಿನ್ ಅಲುಗಾಡದಂತೆ ಬೋಲ್ಟ್ ಹಾಕಿ ನಿಲ್ಲಿಸಿ. ಸ್ಟೀಲ್ ಫೈಬರ್ ಸಿಕ್ಕಾಗ ಬಿಟ್ ಎಗರುತ್ತೆ, ಕೋರ್ ಸ್ವಲ್ಪ ಓರೆಯಾದರೂ ಎಳೆತ ಒಂದೇ ಅಂಚಿಗೆ ಬಿದ್ದು ನಂಬರ್ ಸುಳ್ಳಾಗಿ ಕಮ್ಮಿ ಬರುತ್ತೆ. ಕೊರೆದ ಮೇಲೆ ನೀರು ಪೂರ್ತಿ ಆರಲಿ, ಆಮೇಲೆ ಡಿಸ್ಕ್ ಅಂಟಿಸಿ. ಪ್ರತಿ ತುಂಡಿನ ಎರಡೂ ಮುಖದ ಫೋಟೋ ತೆಗೆದು, ಗೈಡ್‌ಗೆ ನಂಬರ್ ಜೊತೆ ಅದನ್ನೂ ತೋರಿಸಿ.