ಎಂಟು ಭಾನುವಾರ ಕಳೆದರೂ ಯಾರೂ ಹೆಸರು ಕೇಳಲಿಲ್ಲ

ವಲಸೆಹಕ್ಕಿ: ಕೆಲಸದ ವರ್ಗಾವಣೆಯಿಂದ ಊರು ಬದಲಾಗಿ ನಾಲ್ಕು ತಿಂಗಳಾಯಿತು. ಮನೆಗೆ ಹತ್ತಿರದ ಚರ್ಚಿಗೆ ಸತತ ಎಂಟು ಭಾನುವಾರ ಹೋದೆ. ಬಾಗಿಲಲ್ಲಿ ಕೈಕುಲುಕಿ ಆರಾಧನಾ ಕ್ರಮದ ಹಾಳೆ ಕೊಡುತ್ತಾರೆ, ಅಷ್ಟೇ. ಆರಾಧನೆ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮವರ ಜೊತೆ ಗುಂಪಾಗಿ ನಿಲ್ಲುತ್ತಾರೆ. ನಾನು ಮೊಬೈಲಿನಲ್ಲಿ ಏನೋ ಓದುವವಳಂತೆ ನಟಿಸುತ್ತಾ ಗೇಟಿನವರೆಗೆ ನಡೆಯುತ್ತೇನೆ. ಪ್ರಸಂಗ ಚೆನ್ನಾಗಿದೆ, ಹಾಡುಗಾರಿಕೆ ಇನ್ನೂ ಚೆನ್ನಾಗಿದೆ. ಬೇರೆ ಚರ್ಚು ಹುಡುಕಲೇ, ಇನ್ನೂ ಕಾಯಲೇ?

ಹಳೆಯ ಬೆಂಚು: ಎಂಟು ವಾರ ಹೆಚ್ಚೇನಲ್ಲ, ಸಹೋದರಿ. ಆರಾಧನೆಗೆ ಮಾತ್ರ ಹೋದರೆ ಪರಿಚಯ ಬೆಳೆಯುವುದಿಲ್ಲ. ಅಲ್ಲಿ ಎಲ್ಲರೂ ಮುಂದಕ್ಕೆ ಮುಖಮಾಡಿ ಕುಳಿತಿರುತ್ತಾರೆ. ವಾರದ ನಡುವಿನ ಪ್ರಾರ್ಥನಾ ಕೂಟಕ್ಕೆ ಹೋಗಿ, ಏನಾದರೊಂದು ಕೆಲಸ ವಹಿಸಿಕೊಳ್ಳಿ. ನಾನು ಗಾಯನ ವೃಂದಕ್ಕೆ ಸೇರಿದ್ದೆ. ನನ್ನ ಕಂಠ ಕೇಳಿದ ಮೇಲೆ ಅವರೇ ಕುರ್ಚಿ ಜೋಡಿಸುವ ಕೆಲಸಕ್ಕೆ ಕಳುಹಿಸಿದರು. ಗೆಳೆಯರು ಸಿಕ್ಕಿದ್ದು ಕುರ್ಚಿಗಳ ನಡುವೆಯೇ. ಸಭೆಯಾಗಿ ಕೂಡುವುದನ್ನು ಬಿಡಬೇಡಿ ಎಂದು ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯೂ (10:25) ಹೇಳುತ್ತದೆಯಲ್ಲ.

ಕಟುಮಾತು: ಯಾವಾಗಲೂ ಹೊಸಬರಿಗೇ ಬುದ್ಧಿಮಾತು! ಮನೆಗೆ ಬಂದವರು ತಾವೇ ಚಾಪೆ ಹಾಸಿಕೊಂಡು ಕೂರಬೇಕೇ? ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ ತೆರೆದು ನೋಡಿ. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಜಾಗ, ಕೊಳೆಬಟ್ಟೆಯ ಬಡವನಿಗೆ ‘ನೀನು ಅಲ್ಲಿ ನಿಂತುಕೋ’. ಅಲ್ಲಿ ಬೈಸಿಕೊಳ್ಳುವುದು ಜಾಗ ತೋರಿಸಿದವರು. ‘ನೀನೇಕೆ ಬೆರೆಯಲಿಲ್ಲ’ ಎಂದು ಬಂದವನನ್ನು ಯಾಕೋಬ ಕೇಳುವುದಿಲ್ಲ.

ಧರ್ಮಕೇಂದ್ರದವನು: ನಮ್ಮ ಕಥೋಲಿಕರಲ್ಲಿ ಈ ಹುಡುಕಾಟ ಸ್ವಲ್ಪ ಕಡಿಮೆ. ನಮ್ಮ ಧರ್ಮಸಭೆಯ ಕಾನೂನಾದ 1983ರ ಕ್ಯಾನನ್ ಕಾನೂನು ಸಂಹಿತೆಯ 518ನೆಯ ನಿಯಮದಂತೆ ಧರ್ಮಕೇಂದ್ರಕ್ಕೆ, ಅಂದರೆ ಪ್ಯಾರಿಷ್‌ಗೆ, ಸಾಮಾನ್ಯವಾಗಿ ಒಂದು ಗೊತ್ತಾದ ಸರಹದ್ದು ಇರುತ್ತದೆ. ಅದರೊಳಗೆ ಮನೆ ಮಾಡಿದರೆ ನಾವು ಅಲ್ಲಿಯವರೇ. ಬಲಿಪೂಜೆಗೆ ಬೇರೆಡೆ ಹೋಗಲು ಅಡ್ಡಿಯಿಲ್ಲ. ಭಾಷೆಯ ಆಧಾರದ ಮೇಲೆ ರಚಿಸಿದ ಧರ್ಮಕೇಂದ್ರಗಳೂ ಉಂಟು.

ಕಟುಮಾತು: ಹಾಗಾದರೆ ನಿಮ್ಮಲ್ಲಿ ಯಾರೂ ಒಂಟಿಯಲ್ಲವೇ?

ಧರ್ಮಕೇಂದ್ರದವನು: ಹಾಗೇನಿಲ್ಲ. ರಿಜಿಸ್ಟರಿನಲ್ಲಿ ಹೆಸರು ಬರೆಸಿ ಎರಡು ವರ್ಷವಾದರೂ ಪಕ್ಕದ ಬೆಂಚಿನವರು ಯಾರೆಂದು ನನಗೆ ತಿಳಿದಿರಲಿಲ್ಲ.

ಸುಟ್ಟುಕೊಂಡವಳು: ಅತಿಯಾದ ಸ್ವಾಗತದ ಬಗ್ಗೆಯೂ ಯಾರಾದರೂ ಹೇಳಬೇಕು. ನಾನು ಹೋದ ಒಂದು ಕಡೆ ಮೊದಲ ದಿನವೇ ಅಪ್ಪುಗೆ, ಫೋನ್ ನಂಬರು, ದಿನಕ್ಕೆ ಮೂರು ಸಂದೇಶ. ಒಂಟಿತನದಲ್ಲಿದ್ದೆ, ಕರಗಿಹೋದೆ. ಮೂರನೆಯ ತಿಂಗಳಿಗೆ ಸಂಬಳ ಎಷ್ಟು, ದಶಮಾಂಶ (ಆದಾಯದ ಹತ್ತನೆಯ ಒಂದು ಪಾಲಿನ ಕಾಣಿಕೆ) ಏಕೆ ಬಂದಿಲ್ಲ, ಹಳೆಯ ಗೆಳತಿಯರ ಸಹವಾಸ ಇನ್ನೂ ಏಕೆ ಎಂಬ ಪ್ರಶ್ನೆಗಳು. ಒಂದು ವಾರ ತಪ್ಪಿಸಿದ್ದಕ್ಕೆ ಇಬ್ಬರು ಮನೆ ಬಾಗಿಲಿಗೇ ಬಂದರು. ಅಲ್ಲಿಂದ ಹೊರಬರಲು ಒಂದು ವರ್ಷ ಹಿಡಿಯಿತು. ಈಗ ಹೊಸ ಚರ್ಚಿಗೆ ಹೋದರೆ ಮೊದಲು ವಿಚಾರಿಸುವುದು ಎರಡೇ: ಕಾಣಿಕೆಯ ಲೆಕ್ಕವನ್ನು ಸದಸ್ಯರ ಮುಂದೆ ಇಡುತ್ತಾರೆಯೇ, ಬಿಟ್ಟುಹೋದವರ ಬಗ್ಗೆ ಹೇಗೆ ಮಾತನಾಡುತ್ತಾರೆ. ಬೆಚ್ಚಗಿನ ಕೈಕುಲುಕು ಆಮೇಲೆ ಇರಲಿ.

ಬಾಗಿಲ ಬಳಿಯವನು: ನಾನು ನಮ್ಮ ಚರ್ಚಿನಲ್ಲಿ ಹಾಳೆ ಕೊಡುವವನು, ಅಂದರೆ ಇಲ್ಲಿನ ಆರೋಪಿ. ನಮ್ಮ ಕಷ್ಟವನ್ನೂ ಕೇಳಿ. ಒಮ್ಮೆ ಒಬ್ಬ ಹಿರಿಯರನ್ನು ‘ಹೊಸಬರೇ?’ ಎಂದು ಕೇಳಿಬಿಟ್ಟೆ. ನಾನು ಹುಟ್ಟುವ ಮೊದಲಿನಿಂದಲೂ ಅವರು ಅಲ್ಲಿಯ ಸದಸ್ಯರು! ಬೆಳಗಿನ ಆರಾಧನೆಗೆ ಬರುವವರಂತೆ, ನಾನು ನಿಲ್ಲುವುದು ಸಂಜೆಗೆ. ಅಂದಿನಿಂದ ಬಾಯಿ ಕಟ್ಟಿಹೋಯಿತು. ಈಗ ‘ನಾವಿಬ್ಬರೂ ಮಾತನಾಡಿದಂತೆ ನೆನಪಿಲ್ಲ, ನನ್ನ ಹೆಸರು ಇಂಥದ್ದು’ ಎಂದು ಶುರುಮಾಡುತ್ತೇನೆ. ಯಾರಿಗೂ ನೋವಾಗುವುದಿಲ್ಲ.

ಕಟುಮಾತು: ಇದನ್ನು ನಿಮ್ಮ ಚರ್ಚಿನ ಬಾಗಿಲಿಗೇ ಅಂಟಿಸಿ, ಸ್ವಾಮಿ. ನೀವೊಬ್ಬರೇ ಆರೋಪಿ ಅಂತೂ ಅಲ್ಲ.

ಹಳೆಯ ಬೆಂಚು: ವಲಸೆಹಕ್ಕಿಯವರೇ, ಇನ್ನೊಂದು ದಾರಿ ಇದೆ. ಹೊಸ ಜಾಗಕ್ಕೆ ಹೋಗುವವರ ಕೈಯಲ್ಲಿ ಪತ್ರ ಕಳುಹಿಸುವುದು ಮೊದಲ ಸಭೆಗಳ ಕಾಲದಿಂದಲೂ ಇದ್ದ ರೂಢಿ. ಬೋಧಕ ಅಪೊಲ್ಲೋಸನು ಗ್ರೀಸಿನ ಅಖಾಯಕ್ಕೆ ಹೊರಟಾಗ ಎಫೆಸದ ಸಹೋದರರು ಅಲ್ಲಿನ ಶಿಷ್ಯರಿಗೆ ಬರೆದರು. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಸೇರಿಸಿಕೊಳ್ಳಿರಿ, ಬೇಕಾದ ಸಹಾಯ ಮಾಡಿರಿ ಎಂದು ಪೌಲನು ರೋಮ್‌ನವರಿಗೆ ಬರೆದ (16:1-2). ಈಗ ನಾವು ಸದಸ್ಯತ್ವ ವರ್ಗಾವಣೆಯ ಕಾಗದವೆಂದರೆ ಮೊಹರು ಹಾಕಿದ ಒಂದು ಸಾಲು ಎಂದುಕೊಂಡಿದ್ದೇವೆ. ನಿಮ್ಮ ಹಳೆಯ ಸಭಾಪಾಲಕರಿಂದ ನಿಜವಾದ ಪತ್ರ ಬರೆಸಿ. ಸಂಡೇ ಸ್ಕೂಲಿನಲ್ಲಿ ಕಲಿಸಿದ್ದೀರೋ, ರೋಗಿಗಳನ್ನು ನೋಡಲು ಹೋಗುತ್ತಿದ್ದಿರೋ, ಅದೆಲ್ಲ ಅದರಲ್ಲಿರಲಿ.

ಸುಟ್ಟುಕೊಂಡವಳು: ಇದು ನನಗೆ ಹೊಳೆದಿರಲಿಲ್ಲ. ಆದರೆ ಹಳೆಯ ಕಡೆಯಿಂದ ಮನಸ್ಸು ಮುರಿದು ಬಂದವರಿಗೆ ಪತ್ರ ಯಾರು ಬರೆಯುತ್ತಾರೆ?

ಹಳೆಯ ಬೆಂಚು: ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ವಲಸೆಹಕ್ಕಿ: ಹಳೆಯ ಸಭಾಪಾಲಕರಿಗೆ ಈಗಷ್ಟೇ ಫೋನ್ ಮಾಡಿದೆ. ಪತ್ರ ಬರೆಯುತ್ತಾರಂತೆ. ‘ನೀನು ಕೂರುತ್ತಿದ್ದ ಜಾಗದಲ್ಲಿ ಈಗ ಯಾರೋ ಹೊಸ ಹೆಂಗಸು ಕೂರುತ್ತಾರಮ್ಮ, ಎರಡು ತಿಂಗಳಿಂದ ಬರುತ್ತಿದ್ದಾರೆ’ ಎಂದರು. ಅವರ ಹೆಸರೇನು ಎಂದು ಕೇಳಿದೆ. ಸಭಾಪಾಲಕರು ಸ್ವಲ್ಪ ಹೊತ್ತು ಸುಮ್ಮನಿದ್ದರು.